ಅಡುಗೆ ಭಟ್ಟರಿಗೆ ಓ-1 ವೀಸಾ: ‘ಅಸಾಧಾರಣ ಸಾಮರ್ಥ್ಯ’ ಅಂತ ಹೇಗೆ ತೋರಿಸೋದು?

ಕುಂದಾಪ್ರದ ಮಾಣಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನನ್ನ ಅಕ್ಕನ ಗಂಡ ಅಡುಗೆಯವರು. ವಯಸ್ಸು 44. ಹದಿನೈದಕ್ಕೆ ಶಾಲೆ ಬಿಟ್ಟು ಉಡುಪಿಯಲ್ಲಿ ಮಠದ ಅಡುಗೆಮನೆ ಸೇರಿದರು. ಆಮೇಲೆ ಮದುವೆ ಮುಂಜಿ ಅಡುಗೆ. ಈಗ 19 ವರ್ಷದಿಂದ ದಕ್ಷಿಣ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಮುಖ್ಯ ಭಟ್ಟರು. ಹೋಟೆಲಿನ ಹೆಸರು ಬೇಡ, ನಿಮ್ಮಲ್ಲಿ ಅರ್ಧ ಜನ ತಿಂದಿರುತ್ತೀರಿ.

ನ್ಯೂಜೆರ್ಸಿಯಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಊರ ಕಡೆಯವರೊಬ್ಬರು ಹೋದ ವರ್ಷ ಬಂದಿದ್ದಾಗ ಭಾವನ ಕೈ ಸಾರು ಉಂಡರು. ಉಂಡವರೇ ‘ಇವರನ್ನು ಕರೆದುಕೊಂಡೇ ಹೋಗಬೇಕು’ ಅಂತ ಹಟ ಹಿಡಿದಿದ್ದಾರೆ. ಅವರ ವಕೀಲರು ಓ-1 (ತಮ್ಮ ಕ್ಷೇತ್ರದಲ್ಲಿ ಅಸಾಧಾರಣ ಸಾಮರ್ಥ್ಯ ಇರುವವರಿಗೆ ಅಮೆರಿಕ ಕೊಡುವ ಕೆಲಸದ ವೀಸಾ) ಹಾಕೋಣ ಅಂತ ಒಂದು ಪಟ್ಟಿ ಕಳಿಸಿದ್ದಾರೆ. ಪ್ರಶಸ್ತಿ, ಪತ್ರಿಕೆಯ ಲೇಖನ, ದೊಡ್ಡವರ ಪತ್ರ, ಸಂಬಳದ ದಾಖಲೆ ಎಲ್ಲ ಕೊಡಿ ಅಂತ.

ನಮ್ಮ ಹತ್ತಿರ ಏನಿದೆ ಅಂದರೆ, ಒಂದು ಕನ್ನಡ ಪತ್ರಿಕೆಯ ಪುರವಣಿಯಲ್ಲಿ ಹೋಟೆಲಿನ ಬಗ್ಗೆ ಬಂದ ಅರ್ಧ ಪುಟ. ಅಕ್ಕ ಬೀರುವಿನಲ್ಲಿ ಸೀರೆಯ ಮಡಿಕೆ ಒಳಗೆ ಇಟ್ಟಿದ್ದಾಳೆ. ಅದರಲ್ಲಿ ಮಾಲೀಕರ ಹೆಸರು ಏಳು ಸಲ ಇದೆ (ಎಣಿಸಿದೆ), ಭಾವನ ಹೆಸರು ಒಂದು ಸಲವೂ ಇಲ್ಲ. ಫೋಟೋದಲ್ಲಿ ದೋಸೆ ಕಾವಲಿ ಪಕ್ಕ ಒಂದು ಮೊಣಕೈ ಕಾಣುತ್ತದೆ. ಅದು ಭಾವನದು. ಸಂಬಳ ಅರ್ಧ ಬ್ಯಾಂಕಿಗೆ, ಅರ್ಧ ಕವರಿನಲ್ಲಿ. ಪ್ರಶಸ್ತಿ ಸೊನ್ನೆ.

ಇದರಲ್ಲಿ ಏನಾದರೂ ಆಗುತ್ತದಾ, ಅಥವಾ ಸುಮ್ನೆ ವಕೀಲರ ಫೀಸು ದಂಡವಾ?

ಸಿಡಿಮಿಡಿ
ದಂಡ. ಓ-1 ಅಂದರೆ ನೊಬೆಲ್ ಬಂದವರಿಗೆ, ಹಾಲಿವುಡ್‌ನವರಿಗೆ. ಸಾರು ಮಾಡುವವರಿಗೆ ಯಾರು ಕೊಡುತ್ತಾರೆ ಮಾರಾಯ್ರೆ.

ಕಡತದ ಕಾವೇರಿ
ಸಿಡಿಮಿಡಿ ಅವರೇ, ತಿಳಿಯದೆ ಹೆದರಿಸಬೇಡಿ. ನಾನು ವಕೀಲೆ ಅಲ್ಲ. ಇಮಿಗ್ರೇಶನ್ ವಕೀಲರ ಕಚೇರಿಯಲ್ಲಿ ಇಂಥ ಕಡತ ಜೋಡಿಸುವ ಕೆಲಸ ಒಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಹಾಗಾಗಿ ಇದನ್ನು ಕಾನೂನು ಸಲಹೆ ಅಂದುಕೊಳ್ಳದೆ ಓದಿ.

ಓ-1ರಲ್ಲಿ ಎರಡು ಬಾಗಿಲು. ವಿಜ್ಞಾನ, ಶಿಕ್ಷಣ, ವ್ಯಾಪಾರ, ಕ್ರೀಡೆಗೆ ಓ-1ಎ. ಕಲೆಗೆ ಓ-1ಬಿ. ಅಡುಗೆ ಯಾವುದರಲ್ಲಿ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ‘ಕಲೆ’ ಎಂದರೇನು ಅಂತ ಹೇಳುವ ನಿಯಮದಲ್ಲೇ ಚಿತ್ರಕಲೆ, ರಂಗಕಲೆ ಜೊತೆ ಪಾಕಕಲೆ ಅಂತ ಬರೆದಿದೆ. ಕಲೆಯ ಬಾಗಿಲು ಸ್ವಲ್ಪ ಅಗಲ. ಓ-1ಎಗೆ ಕ್ಷೇತ್ರದ ತುತ್ತತುದಿಗೆ ಏರಿದ ಕೆಲವೇ ಜನರಲ್ಲಿ ಒಬ್ಬರಾಗಿರಬೇಕು. ಓ-1ಬಿಗೆ ‘ಡಿಸ್ಟಿಂಕ್ಷನ್’ ಸಾಕು. ಅಂದರೆ ಸಾಮಾನ್ಯವಾಗಿ ಕಾಣುವುದಕ್ಕಿಂತ ಗಣನೀಯವಾಗಿ ಮೇಲಿನ ಮಟ್ಟ, ಕ್ಷೇತ್ರದಲ್ಲಿ ಹೆಸರು ಇರಬೇಕು.

ಆಸ್ಕರ್, ಗ್ರ್ಯಾಮಿ ಥರದ ದೊಡ್ಡ ಪ್ರಶಸ್ತಿ ಇಲ್ಲದಿದ್ದರೆ ಆರು ಬಗೆಯ ಪುರಾವೆಯಲ್ಲಿ ಮೂರು ಸಿಗಬೇಕು. ಹೆಸರಾಂತ ಕಾರ್ಯಕ್ರಮದಲ್ಲಿ ಮುಖ್ಯ ಪಾತ್ರ, ಪತ್ರಿಕೆಗಳಲ್ಲಿ ಅವರ ಬಗ್ಗೆ ಬಂದದ್ದು, ಹೆಸರಾಂತ ಸಂಸ್ಥೆಯಲ್ಲಿ ಮುಖ್ಯ ಅಥವಾ ನಿರ್ಣಾಯಕ ಪಾತ್ರ, ವ್ಯಾಪಾರದಲ್ಲೋ ವಿಮರ್ಶಕರಲ್ಲೋ ಗೆದ್ದ ದಾಖಲೆ, ಸಂಘ ಸಂಸ್ಥೆ ಸರ್ಕಾರ ಪರಿಣತರಿಂದ ಮನ್ನಣೆ, ಹೆಚ್ಚಿನ ಸಂಬಳ. ಇವು ಆರು.

ಡಿಗ್ರಿ ಕೇಳುವುದೇ ಇಲ್ಲ. ಹದಿನೈದಕ್ಕೆ ಶಾಲೆ ಬಿಟ್ಟದ್ದು ಇಲ್ಲಿ ಲೆಕ್ಕಕ್ಕೇ ಬರಲ್ಲ.

ಟೆಕ್ಸಾಸ್ ತಮ್ಮಯ್ಯ
ಎಚ್-1ಬಿ ಹಾಕಿದರೆ ಆಗಲ್ವಾ? ಎಲ್ಲರೂ ಅದನ್ನೇ ಹಾಕುತ್ತಾರಲ್ಲ.

ಕಡತದ ಕಾವೇರಿ
ಆಗಲ್ಲ ಅಣ್ಣ. ಎಚ್-1ಬಿ ಕೆಲಸಕ್ಕೆ ಆಯಾ ವಿಷಯದ ಪದವಿ ಬೇಕು, ಅಡುಗೆಯವರ ಕೆಲಸ ಆ ಚೌಕಟ್ಟಿಗೆ ಕೂರುವುದಿಲ್ಲ. ಮೇಲಿಂದ ವರ್ಷಕ್ಕೆ 85,000ದ ಮಿತಿ, ಲಾಟರಿ. 2025ರ ಸೆಪ್ಟೆಂಬರಿನಲ್ಲಿ ಹೊರಗಿಂದ ಹೊಸದಾಗಿ ತರುವವರಿಗೆ ಒಂದು ಲಕ್ಷ ಡಾಲರ್ ಬೇರೆ ಹೇರಿದರು. ಓ-1ಕ್ಕೆ ಮಿತಿಯೂ ಇಲ್ಲ, ಲಾಟರಿಯೂ ಇಲ್ಲ.

ಎಡಿಸನ್ ಎಲೆಯೂಟ
ನನ್ನದು ಅಡುಗೆ ಸಾಮಾನು ಸಪ್ಲೈ ವ್ಯಾಪಾರ, ಇಲ್ಲಿ ಅಮೆರಿಕದ ಹೋಟೆಲ್‌ಗಳ ಹಿಂಬಾಗಿಲಿನಿಂದಲೇ ನನ್ನ ಓಡಾಟ. ಒಂದು ಕಡೆ ಓ-1ಬಿ ಮೇಲೆ ಬಂದವರನ್ನು ನೋಡಿದ್ದೇನೆ. ಆದರೆ ಅವರು ಪಂಚತಾರಾ ಹೋಟೆಲಿನಿಂದ ಬಂದವರು, ಟೋಪಿ ಹಾಕಿದ ಫೋಟೋ, ಟಿವಿ ಶೋ, ಇಂಗ್ಲಿಷ್ ಮ್ಯಾಗಜೀನ್ ಎಲ್ಲ ಇತ್ತು. ನಿಮ್ಮ ಭಾವನ ಕಷ್ಟ ಬೇರೆ. ನಮ್ಮಲ್ಲಿ ಅಡುಗೆಯವರಿಗೆ ಹೆಸರೇ ಇರುವುದಿಲ್ಲ ಅಲ್ವಾ. ‘ಭಟ್ರೇ’ ಅಂದರೆ ಮುಗಿಯಿತು. ಸಾವಿರ ಜನ ಉಂಡು ‘ಊಟ ಗಡದ್ದಾಗಿತ್ತು’ ಅಂತ ಮನೆ ಯಜಮಾನನಿಗೆ ಹೇಳಿ ಹೋಗುತ್ತಾರೆ, ಒಲೆ ಹತ್ತಿರ ಯಾರೂ ಹೋಗುವುದಿಲ್ಲ.

ಮಂಡಕ್ಕಿ
ಪ್ರಶಸ್ತಿ ಇಲ್ಲ ಅಂತ ಯಾಕೆ ಚಿಂತೆ? ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ‘ಪಾಕ ರತ್ನ’, ‘ನಳಪಾಕ ಭೂಷಣ’ ಏನು ಬೇಕಾದರೂ ಕೊಡುತ್ತಾರೆ. ಗೌರವ ಡಾಕ್ಟರೇಟೂ ಸಿಗುತ್ತದೆ, ಶಾಲು, ಪೇಟ, ಫಲಕದ ಸಮೇತ. ನಮ್ಮ ಬೀದಿಯಲ್ಲೇ ಮೂವರು ಡಾಕ್ಟರ್ ಇದ್ದಾರೆ, ಒಬ್ಬರಿಗೂ ಜ್ವರದ ಮಾತ್ರೆ ಬರೆಯೋಕೆ ಬರಲ್ಲ.

ಕಡತದ ಕಾವೇರಿ
ದಯವಿಟ್ಟು ಆ ದಾರಿ ಬೇಡ. ಅಧಿಕಾರಿಗಳು ಪ್ರಶಸ್ತಿ ಕೊಟ್ಟವರು ಯಾರು, ಯಾವ ಮಾನದಂಡ, ಎಷ್ಟು ಜನರಲ್ಲಿ ಆರಿಸಿದರು ಅಂತ ಕೇಳುತ್ತಾರೆ. ಕೊಂಡ ಪ್ರಶಸ್ತಿಗೆ ಉತ್ತರ ಇರುವುದಿಲ್ಲ. ಸುಳ್ಳು ಅಂತ ಬರೆದುಕೊಂಡರೆ ಆ ಒಂದು ಕಾರಣಕ್ಕೇ ಜೀವನಪೂರ್ತಿ ಅಮೆರಿಕದ ಬಾಗಿಲು ಮುಚ್ಚಬಹುದು. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯಂಥ ಸರ್ಕಾರದ್ದು ಏನಾದರೂ ಇದ್ದರೆ ಅದರ ತೂಕವೇ ಬೇರೆ.

ಮಂಡಕ್ಕಿ
ತಮಾಷೆಗೆ ಹೇಳಿದೆ ಮೇಡಂ 🙏

ಸಿಡಿಮಿಡಿ
ತಮಾಷೆ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಚಿಕ್ಕಪ್ಪನ ಮಗ ಅದನ್ನೇ ಮಾಡಿದ. ಒಬ್ಬ ಏಜೆಂಟ್ ನಾಲ್ಕು ಲಕ್ಷ ತೆಗೆದುಕೊಂಡು ಮೂರು ಸರ್ಟಿಫಿಕೇಟ್ ಮಾಡಿಸಿ ಕೊಟ್ಟ. ಮೂರರಲ್ಲೂ ಒಂದೇ ಫಾಂಟ್, ಒಂದೇ ಕಾಗುಣಿತ ತಪ್ಪು. ವಕೀಲರು ನೋಡಿದವರೇ ಕೇಸು ಬೇಡ ಅಂತ ಫೈಲ್ ವಾಪಸ್ ಕೊಟ್ಟರು, ಏಜೆಂಟ್ ಫೋನ್ ಎತ್ತುವುದು ನಿಲ್ಲಿಸಿದ. ಅದಕ್ಕೇ ನಾನು ಮೊದಲು ಹಾಗೆ ಬರೆದದ್ದು.

ಕುಂದಾಪ್ರದ ಮಾಣಿ
ಕಾವೇರಿ ಮೇಡಂ, ಹಾಗಾದರೆ ಆ ಅರ್ಧ ಪುಟ ಪ್ರಯೋಜನ ಇಲ್ಲವಾ? ಅವರ ಹೆಸರೇ ಇಲ್ಲವಲ್ಲ.

ಕಡತದ ಕಾವೇರಿ
ಇದೆ, ನೀವು ಅಂದುಕೊಂಡ ಕಡೆ ಅಲ್ಲ. ‘ಅವರ ಬಗ್ಗೆ ಪತ್ರಿಕೆಯಲ್ಲಿ ಬಂದದ್ದು’ ಅನ್ನುವ ಖಾನೆಗೆ ಅದು ಹೋಗುವುದಿಲ್ಲ. ಆದರೆ ‘ಹೆಸರಾಂತ ಸಂಸ್ಥೆಯಲ್ಲಿ ಮುಖ್ಯ ಪಾತ್ರ’ ಅನ್ನುವುದಕ್ಕೆ ಎರಡು ಸಂಗತಿ ತೋರಿಸಬೇಕು. ಒಂದು, ಹೋಟೆಲ್ ಹೆಸರಾಂತದ್ದು. ಎರಡು, ಅಲ್ಲಿ ಇವರ ಪಾತ್ರ ಮುಖ್ಯವಾದದ್ದು. ಮಾಲೀಕರ ಹೆಸರು ಏಳು ಸಲ ಬಂದ ಆ ಲೇಖನ ಮೊದಲನೆಯದಕ್ಕೆ ಚೆನ್ನಾಗಿ ಆಗುತ್ತದೆ. ಹೋಟೆಲಿನ ಬಗ್ಗೆ ಬೇರೆ ಲೇಖನ, ಪುಸ್ತಕದಲ್ಲಿ ಬಂದದ್ದು, ಇಂಗ್ಲಿಷ್ ಪತ್ರಿಕೆಯ ವಿಮರ್ಶೆ ಸಿಕ್ಕರೆ ಅದನ್ನೂ ಸೇರಿಸಿ.

ಎರಡನೆಯದಕ್ಕೆ ಮಾಲೀಕರ ಪತ್ರ ಬೇಕು. ‘ಇವರು ಒಳ್ಳೆಯ ಕೆಲಸಗಾರರು, ಇವರಿಗೆ ಶುಭವಾಗಲಿ’ ಅಂತ ಬರೆದ ಪತ್ರ ಕಸ. ಯಾವ ವರ್ಷ ಸೇರಿದರು, ಕೈಕೆಳಗೆ ಎಷ್ಟು ಜನ, ಮೆನುವಿನಲ್ಲಿ ಯಾವ ಯಾವ ತಿನಿಸು ಇವರದು, ಇವರು ಬಂದ ಮೇಲೆ ಏನು ಬದಲಾಯಿತು, ಭಾನುವಾರ ಎಷ್ಟು ಎಲೆ ಬೀಳುತ್ತದೆ, ಇದೆಲ್ಲ ಇರಬೇಕು.

ಇನ್ನೊಂದು, ಕನ್ನಡ ಲೇಖನಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು ‘ಇದು ಪೂರ್ಣ ಮತ್ತು ಸರಿಯಾದ ಅನುವಾದ, ನನಗೆ ಎರಡೂ ಭಾಷೆ ಬರುತ್ತದೆ’ ಅಂತ ಬರೆದು ಸಹಿ ಹಾಕಬೇಕು. ಪತ್ರಿಕೆಯ ಹೆಸರು, ತಾರೀಕು, ಬರೆದವರ ಹೆಸರು ಕತ್ತರಿಸಿ ಹೋಗಿದ್ದರೆ ಪತ್ರಿಕೆಯ ಕಚೇರಿಯಿಂದ ಆ ಪುಟದ ಪ್ರತಿ ತೆಗೆಸಿ. ಪ್ರಸಾರ ಎಷ್ಟು ಅಂತಲೂ ಹಾಕಿ. ಅಲ್ಲಿ ಕೂತ ಅಧಿಕಾರಿಗೆ ನಮ್ಮ ಪತ್ರಿಕೆ ಲಕ್ಷಗಟ್ಟಲೆ ಮನೆಗೆ ಹೋಗುತ್ತದೆ ಅಂತ ಹೇಗೆ ಗೊತ್ತಾಗಬೇಕು?

ಬೈಟು ಕಾಫಿ
ಇಲ್ಲೇ ಇರುವುದು ಗಂಟು. ಯಾವ ಮಾಲೀಕ ತನ್ನ ಭಟ್ಟರನ್ನು ಕಳಿಸೋಕೆ ತಾನೇ ಪತ್ರ ಬರೆದು ಕೊಡುತ್ತಾನೆ? ‘ನನ್ನ ಹೋಟೆಲಿನ ರುಚಿ ಎಲ್ಲ ಇವರ ಕೈಯಲ್ಲಿದೆ’ ಅಂತ ಸಹಿ ಹಾಕಿ, ಅದೇ ಕೈಯನ್ನು ವಿಮಾನ ಹತ್ತಿಸಬೇಕು. ನಾನಾಗಿದ್ದರೆ ಹಾಕುತ್ತಿರಲಿಲ್ಲ.

ಕುಂದಾಪ್ರದ ಮಾಣಿ
ಅದೇ ನೋಡಿ. ಭಾವ ಇನ್ನೂ ಮಾಲೀಕರಿಗೆ ಹೇಳಿಯೇ ಇಲ್ಲ. ‘ಅವರ ಮಗಳ ಮದುವೆಗೆ ನಾನೇ ಲಾಡು ಕಟ್ಟಿದ್ದು, ಹೇಗೆ ಕೇಳಲಿ’ ಅನ್ನುತ್ತಾರೆ.

ದೋಸೆ ದೇವಯ್ಯ
ತಮಿಳುನಾಡಿನ ವಿಜಯ್ ಕುಮಾರ್ ಅವರನ್ನು ನೋಡಿ. ನ್ಯೂಯಾರ್ಕಿನ ಸೆಮ್ಮಾ ಹೋಟೆಲಿನಲ್ಲಿ ಹಳ್ಳಿ ಅಡುಗೆ ಮಾಡಿ 2022ರಲ್ಲಿ ಮಿಷೆಲಿನ್ ಗೈಡ್ ಒಳ್ಳೆಯ ಹೋಟೆಲಿಗೆ ಕೊಡುವ ನಕ್ಷತ್ರ, 2025ರಲ್ಲಿ ಅಮೆರಿಕದ ಬಾಣಸಿಗರಿಗೆ ಕೊಡುವ ಜೇಮ್ಸ್ ಬಿಯರ್ಡ್ ಪ್ರಶಸ್ತಿ. ಗದ್ದೆಯ ಬಸವನಹುಳು ಮೆನುವಿನಲ್ಲಿ ಇಟ್ಟು ಗೆದ್ದರು. ನಮ್ಮ ಉಡುಪಿಯವರು ನೂರು ವರ್ಷದಿಂದ ಊರೂರಿಗೆ ಹೋಟೆಲ್ ಹಾಕಿದರು, ಆದರೆ ಎಲ್ಲೆಲ್ಲೂ ಅದೇ ಇಡ್ಲಿ ವಡೆ ಮಸಾಲೆ ದೋಸೆ. ಪತ್ರೊಡೆ, ಮೂಡೆ, ಹಲಸಿನ ಗುಜ್ಜೆ ಪಲ್ಯ ಎಲ್ಲಿ?

ಸಿಡಿಮಿಡಿ
ಭಾರತಕ್ಕೆ ಮಿಷೆಲಿನ್ ಗೈಡೇ ಇಲ್ಲ. ಇಲ್ಲಿರುವವರು ನಕ್ಷತ್ರ ಎಲ್ಲಿಂದ ತರಬೇಕು? ಈ ಪರೀಕ್ಷೆಯೇ ಓರೆ.

ಎಡಿಸನ್ ಎಲೆಯೂಟ
ದೇವಯ್ಯನವರೇ, ಇಲ್ಲಿ ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗಿ ಬಂದರೆ ಸಾಕು ಅನ್ನಿಸುತ್ತದೆ, ನೀವು ಮೂಡೆ ಕೇಳುತ್ತೀರಿ. ಮೂಡೆ ಎಲೆಗೆ ಎಲ್ಲಿಗೆ ಹೋಗೋಣ?

ಟೆಕ್ಸಾಸ್ ತಮ್ಮಯ್ಯ
ಅವನ್ ಒಳಗೆ ಲೈಟ್ ಮಾತ್ರ ಹಾಕಿ ಹಿಟ್ಟು ಇಡಿ. ರಾತ್ರಿ ಇಟ್ಟರೆ ಬೆಳಿಗ್ಗೆ ಉಕ್ಕಿ ಬಂದಿರುತ್ತದೆ. ನನ್ನ ಹೆಂಡತಿ ಒಮ್ಮೆ ಮರೆತು ಅವನ್ ಆನ್ ಮಾಡಿದಳು. ಐದು ಲೀಟರ್ ಇಡ್ಲಿ ಒಂದೇ ತುಂಡು.

ಮಂಡಕ್ಕಿ
ಅದು ಅಸಾಧಾರಣ ಸಾಮರ್ಥ್ಯ. ಓ-1 ಹಾಕಿ.

ಬೈಟು ಕಾಫಿ
😂😂

ರಥಬೀದಿ
ಮಾಣಿ ಅವರೇ, ಮಠದ ಅಡುಗೆಮನೆಯ ವರ್ಷಗಳನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ನಾನು ಉಡುಪಿಯವ, ಹೇಳುತ್ತೇನೆ ಕೇಳಿ.

ಚಾತುರ್ಮಾಸ್ಯದಲ್ಲಿ ಮಠದ ಅಡುಗೆಗೆ ತಿಂಗಳಿಗೊಂದು ವ್ರತ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ. ನಾಲ್ಕನೆಯದು ದ್ವಿದಳ ವ್ರತ, ಬೇಳೆಕಾಳು ಇಲ್ಲ. ತೊಗರಿಬೇಳೆ ಇಲ್ಲದೆ ಸಾರು ಮಾಡಿ, ಅದೂ ಬಂದ ಭಕ್ತರೆಲ್ಲ ಸುರಿದು ಉಣ್ಣುವ ಹಾಗೆ! ಈರುಳ್ಳಿ ಬೆಳ್ಳುಳ್ಳಿ ಮೊದಲೇ ಇಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ ಆದಾಗ ಬೀಳುವ ಎಲೆ ಲೆಕ್ಕವೇ ಬೇರೆ. ನಿಮ್ಮ ಭಾವ ಇದನ್ನು ಎಷ್ಟು ವರ್ಷ ಮಾಡಿದ್ದಾರೆ?

ಕುಂದಾಪ್ರದ ಮಾಣಿ
ಆರು ವರ್ಷ. ಒಂದು ಪರ್ಯಾಯಕ್ಕೆ ಸಾರಿನ ಕೊಪ್ಪರಿಗೆ ಇವರ ಕೈಯಲ್ಲೇ ಇತ್ತಂತೆ. ದ್ವಿದಳ ವ್ರತದಲ್ಲಿ ಕಾಳುಮೆಣಸು ಜೀರಿಗೆ ಅರೆದು ಹಾಕಿ ಮಾಡುತ್ತಿದ್ದ ಸಾರನ್ನೇ ಈಗ ಹೋಟೆಲಿನಲ್ಲಿ ಶನಿವಾರ ಮಾಡುತ್ತಾರೆ, ಜನ ಅದಕ್ಕೇ ಸಾಲು ನಿಲ್ಲುವುದು.

ಕಡತದ ಕಾವೇರಿ
ಇದನ್ನು ಮೊದಲೇ ಹೇಳಬಾರದಾ! ರಥಬೀದಿಯವರಿಗೆ ದೊಡ್ಡ ನಮಸ್ಕಾರ.

ಇಂಥದ್ದಕ್ಕೇ ಪರಿಣತರ ಪತ್ರ ಇರುವುದು. ಆಹಾರದ ಬಗ್ಗೆ ಬರೆಯುವವರು, ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಸುವ ಪ್ರಾಧ್ಯಾಪಕರು, ಹೆಸರು ಮಾಡಿದ ಬೇರೆ ಬಾಣಸಿಗರು, ಇಂಥವರು ತಾವು ಯಾರು, ಇವರ ಕೆಲಸ ತಮಗೆ ಹೇಗೆ ಗೊತ್ತು, ಈ ವ್ರತದ ಅಡುಗೆ ಯಾಕೆ ಎಲ್ಲರ ಕೈಗೂ ಬರುವುದಲ್ಲ ಅಂತ ಬಿಡಿಸಿ ಬರೆಯಬೇಕು. ಮಠದಿಂದ ಪತ್ರ ಸಿಕ್ಕರೆ ಮನ್ನಣೆಯ ಖಾನೆಗೆ ಹೋಗುತ್ತದೆ. ಪರ್ಯಾಯದಲ್ಲಿ ಇವರ ಪಾತ್ರಕ್ಕೆ ಆ ಕಾಲದ ಕಾಗದ ಏನಾದರೂ ಇದ್ದರೆ ‘ಹೆಸರಾಂತ ಕಾರ್ಯಕ್ರಮ’ದ ಖಾನೆಯೂ ತೆರೆಯುತ್ತದೆ. ಆರು ಖಾನೆಗೂ ಸರಿಯಾಗಿ ಕೂರದ ಕಸುಬಾದರೆ ಕಲೆಯವರಿಗೆ ಅದಕ್ಕೆ ಸಮನಾದ ಬೇರೆ ಪುರಾವೆ ಕೊಡುವ ಅವಕಾಶವೂ ಇದೆ.

ಆದರೆ ಪತ್ರಗಳ ರಾಶಿ ಹಾಕಿದರೆ ಆಗಲ್ಲ. ಎಂಟು ಪತ್ರ ನೋಡಿದ್ದೇನೆ, ಎಂಟೂ ಒಂದೇ ಕೈ ಬರೆದ ಹಾಗೆ ಇತ್ತು. ಮತ್ತೆ, ಮೂರು ಖಾನೆ ತುಂಬಿದ ಮಾತ್ರಕ್ಕೆ ಮುಗಿಯಲಿಲ್ಲ. ಆಮೇಲೆ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡುತ್ತಾರೆ. ಸಾಲದಿದ್ದರೆ ಆರ್‌ಎಫ್‌ಇ, ಅಂದರೆ ಇನ್ನಷ್ಟು ಪುರಾವೆ ಕೊಡಿ ಅನ್ನುವ ಕಾಗದ ಬರುತ್ತದೆ. ಬಂದರೆ ಎದೆ ಒಡೆದುಕೊಳ್ಳಬೇಡಿ.

ಟೆಕ್ಸಾಸ್ ತಮ್ಮಯ್ಯ
ಕವರ್ ಸಂಬಳದ್ದು ಏನು ಮಾಡೋದು? ಅದೇ ದೊಡ್ಡ ತೊಡಕಲ್ವಾ.

ಕಡತದ ಕಾವೇರಿ
ಕವರಿನದ್ದನ್ನು ತೋರಿಸಲಾಗದು, ತೋರಿಸಲೂಬೇಡಿ. ಆದರೆ ನಿಯಮದಲ್ಲಿ ಮುಂದೆ ಸಿಗುವ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ನ್ಯೂಜೆರ್ಸಿಯವರು ಒಪ್ಪಂದದಲ್ಲಿ ಆ ಊರಿನ ಹೆಡ್ ಕುಕ್‌ಗಳಿಗಿಂತ ಚೆನ್ನಾಗಿ ಜಾಸ್ತಿ ಬರೆದರೆ ಅದೇ ಪುರಾವೆ. ಅಮೆರಿಕದ ಕಾರ್ಮಿಕ ಇಲಾಖೆಯ ಅಂಕಿಅಂಶ ಹೋಲಿಕೆಗೆ ಇಡುತ್ತಾರೆ. ಬರೆದದ್ದನ್ನು ಕೊಡಲೂ ಬೇಕು, ಅದು ಬೇರೆ ಮಾತು.

ಅರ್ಜಿ ಹಾಕುವವರು ಅಲ್ಲಿನ ಮಾಲೀಕರೋ ಏಜೆಂಟೋ ಆಗಿರಬೇಕು, ಭಾವ ತಾನೇ ಹಾಕುವಂತಿಲ್ಲ. ಫಾರಂ ಐ-129. 2024ರ ಏಪ್ರಿಲ್‌ನಲ್ಲಿ ಬಂದ ದರದಲ್ಲಿ 25 ಜನರವರೆಗಿನ ಸಣ್ಣ ಸಂಸ್ಥೆಗೆ 530 ಡಾಲರ್, ಜೊತೆಗೆ ಅಸೈಲಮ್ ಪ್ರೋಗ್ರಾಂ ಫೀ ಅಂತ 300. ಬೇಗ ಬೇಕೆಂದರೆ ಪ್ರೀಮಿಯಂಗೆ ಬೇರೆ ಸಾವಿರಾರು, 15 ಕೆಲಸದ ದಿನದಲ್ಲಿ ಉತ್ತರ. ಇದೇ ಕಸುಬಿನ ಸಂಘದ ಅಭಿಪ್ರಾಯ ಪತ್ರವೂ ಬೇಕು. ಮೊದಲ ಸಲ ಮೂರು ವರ್ಷದವರೆಗೆ ಕೊಡುತ್ತಾರೆ.

ಬೈಟು ಕಾಫಿ
ಎಲ್-1, ಅಂದರೆ ಕಂಪನಿ ತನ್ನವರನ್ನೇ ಅಮೆರಿಕಕ್ಕೆ ವರ್ಗ ಮಾಡುವ ವೀಸಾ, ಯಾರೂ ಹೇಳಲಿಲ್ಲ. ಬ್ರೆಜಿಲ್‌ನ ಫೋಗೊ ಡಿ ಚಾವೊ ಹೋಟೆಲಿನವರು ತಮ್ಮ ಮಾಂಸ ಸುಡುವ ಬಾಣಸಿಗರನ್ನು ಎಲ್-1ಬಿಯಲ್ಲಿ ತರೋಕೆ ಹೋಗಿ, ಸರ್ಕಾರ ಬೇಡ ಅಂದಾಗ ಕೋರ್ಟಿಗೆ ಹೋದರು. 2014ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು, ಹುಟ್ಟಿ ಬೆಳೆದ ಸಂಸ್ಕೃತಿಯಿಂದ ಬಂದ ಜ್ಞಾನವನ್ನು ಹಾಗೆ ಸಾರಾಸಗಟು ತಳ್ಳಿಹಾಕುವಂತಿಲ್ಲ ಅಂತ ಹೇಳಿ ಮತ್ತೆ ನೋಡಿ ಅಂದಿತು.

ಕಡತದ ಕಾವೇರಿ
ಒಳ್ಳೆಯ ನೆನಪು, ಆದರೆ ಎಲ್-1ಕ್ಕೆ ಎರಡೂ ಕಡೆ ಒಂದೇ ಕಂಪನಿಯ ನಂಟು ಬೇಕು. ಇಲ್ಲಿ ಬೆಂಗಳೂರಿನ ಮಾಲೀಕರು ಬೇರೆ, ನ್ಯೂಜೆರ್ಸಿಯವರು ಬೇರೆ. ಇಬಿ-3 ಗ್ರೀನ್ ಕಾರ್ಡ್ ದಾರಿ ಅಡುಗೆಯವರಿಗೆ ಇದೆ, ಭಾರತದವರಿಗೆ ಕ್ಯೂ ಹತ್ತು ವರ್ಷಕ್ಕೂ ಉದ್ದ.

ಎಡಿಸನ್ ಎಲೆಯೂಟ
ಒಂದು ಕಹಿ ಮಾತು. ವೀಸಾ ಮಾಲೀಕನಿಗೆ ಕಟ್ಟಿಕೊಂಡಿರುತ್ತದೆ. ಇಲ್ಲಿ ನೋಡಿದ್ದೇನೆ, ಹೆಸರು ಬೇಡ, ಬೇಸ್‌ಮೆಂಟಿನಲ್ಲಿ ಆರು ಜನ, ದಿನಕ್ಕೆ 14 ಗಂಟೆ, ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿ. ನಿಮ್ಮ ಊರಿನವರು ಒಳ್ಳೆಯವರೇ ಇರಬಹುದು. ಆದರೂ ಒಪ್ಪಂದದ ಪ್ರತಿ ಅಕ್ಕನ ಹತ್ತಿರ ಇರಲಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ ಅಂತ ಭಾವನಿಗೆ ಹೇಳಿ.

ಕಡತದ ಕಾವೇರಿ
ನೂರಕ್ಕೆ ನೂರು. ಮಾಲೀಕರೇ ಮಧ್ಯದಲ್ಲಿ ಕೆಲಸದಿಂದ ತೆಗೆದರೆ ವಾಪಸ್ ಊರಿಗೆ ಬರುವ ಖರ್ಚು ಅವರದೇ, ನಿಯಮದಲ್ಲಿದೆ. ಕೆಲಸ ಹೋದರೆ 60 ದಿನದವರೆಗೆ ಇದ್ದು ಬೇರೆಯವರು ಹೊಸ ಅರ್ಜಿ ಹಾಕಬಹುದು. ಅಕ್ಕ ಓ-3ರಲ್ಲಿ, ಅಂದರೆ ಓ-1ರವರ ಕುಟುಂಬದ ವೀಸಾದಲ್ಲಿ ಹೋಗಬಹುದು, ಕೆಲಸ ಮಾಡುವಂತಿಲ್ಲ.

ಮಂಡಕ್ಕಿ
ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪಿಂಗ್ ಬೆಂಗಳೂರಲ್ಲೇ ಆಗುತ್ತಾ? ಅಮೆರಿಕದ ಕಾನ್ಸುಲೇಟ್ ಬಂತಲ್ಲ.

ಟೆಕ್ಸಾಸ್ ತಮ್ಮಯ್ಯ
2025ರ ಜನವರಿಯಲ್ಲಿ ಉದ್ಘಾಟನೆ ಆಯಿತು, ಆದರೆ ವೀಸಾ ಕೆಲಸ ಇಲ್ಲದೆ. ಹೊರಡುವ ಮುಂಚೆ ನೋಡಿಕೊಳ್ಳಿ. ನಾವೆಲ್ಲ ಚೆನ್ನೈಗೆ ಹೋಗಿ ಬಿಸಿಲಲ್ಲಿ ನಿಂತವರು.

ಕುಂದಾಪ್ರದ ಮಾಣಿ
(ಹನ್ನೊಂದು ದಿನ ಆದ ಮೇಲೆ) ಎಲ್ಲರಿಗೂ ಥ್ಯಾಂಕ್ಸ್. ಸುದ್ದಿ ಉಂಟು.

ಭಾವ ಕೊನೆಗೂ ಮಾಲೀಕರಿಗೆ ಹೇಳಿದರು. ಅವರು ಎರಡು ದಿನ ಮಾತೇ ಆಡಲಿಲ್ಲವಂತೆ. ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುತ್ತಾ ಇದ್ದರು. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು, ‘ಪತ್ರ ಬರೆಸಿಕೊಂಡು ಬನ್ನಿ, ಸಹಿ ಹಾಕುತ್ತೇನೆ. ದೀಪಾವಳಿ ಮುಗಿಯಲಿ. ಆದರೆ ಸಾರಿನ ಪುಡಿ ಅಳತೆ ಬರೆದಿಟ್ಟು ಹೋಗಬೇಕು’ ಅಂದರಂತೆ.

ಕಷ್ಟ ಅಂದರೆ ಭಾವನಿಗೆ ಅಳತೆಯೇ ಗೊತ್ತಿಲ್ಲ, ಎಲ್ಲ ಕೈ ಅಂದಾಜು. ಅದಕ್ಕೆ ನಿನ್ನೆ ಅಕ್ಕ ಕಿಚನ್ ತಕ್ಕಡಿ ಇಟ್ಟು ಅವರ ಮುಷ್ಟಿಯನ್ನೇ ತೂಗಿದಳು. ಕೊತ್ತಂಬರಿ ಒಂದು ಮುಷ್ಟಿ 31 ಗ್ರಾಂ. ನಂಬಿಕೆ ಬರದೆ ಮತ್ತೆ ತೂಗಿದಳು, 32. ಮತ್ತೆ, 31.

ಸಿಡಿಮಿಡಿ
ನಾನು ಮೊದಲು ಬರೆದದ್ದು ವಾಪಸ್ ತೆಗೆದುಕೊಂಡಿದ್ದೇನೆ. ಈ ಮುಷ್ಟಿಗೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ.

ಬೈಟು ಕಾಫಿ
ವಿಡಿಯೋ ಮಾಡಿ ಅರ್ಜಿ ಜೊತೆ ಕಳಿಸಿ!

ಕಡತದ ಕಾವೇರಿ
ವಿಡಿಯೋ ಯಾರೂ ನೋಡಲ್ಲ, ಕಾಗದವೇ ಬೇಕು. ಮಾಲೀಕರ ಪತ್ರದಲ್ಲಿ ಶನಿವಾರದ ಸಾರು ಅವರದು ಅನ್ನುವ ಸಾಲು ತಪ್ಪದೆ ಇರಲಿ. ಸಹಿ ಹಾಕುವ ಮುಂಚೆ ಕರಡನ್ನು ನಿಮ್ಮ ವಕೀಲರಿಗೆ ತೋರಿಸಿ.

ಎಡಿಸನ್ ಎಲೆಯೂಟ
31 ಗ್ರಾಂ ಕೊತ್ತಂಬರಿಗೆ ಬ್ಯಾಡಗಿ ಎಷ್ಟು, ಮೆಂತೆ ಎಷ್ಟು?

ಕುಂದಾಪ್ರದ ಮಾಣಿ
ಅದನ್ನು ನನಗೂ ಹೇಳಿಲ್ಲ ಸರ್. ಚೀಟಿ ಅಕ್ಕನ ಬೀರುವಿನಲ್ಲಿದೆ.